ಮುಂದಿನ ಚಕ್ರದ ಗುಂಯ್ ಸದ್ದು: ಬೇರಿಂಗ್ ತನಕ ಹೋದ ದಾರಿ

ಕಾರು ಹತ್ತು ವರ್ಷ ದಾಟಿದ ಸಣ್ಣ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಎಂಜಿನ್ ಎಳೆಯುವುದು ಮುಂದಿನ ಚಕ್ರಗಳನ್ನೇ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದೇ ಜೋಡಣೆಯಲ್ಲಿರುವುದು), ಡಿಸ್ಕ್ ಬ್ರೇಕ್, ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇವೆ. ಓಡಾಟ ಜಾಸ್ತಿ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ, ಆಗಾಗ ಆಗುಂಬೆ ಘಾಟಿ ಇಳಿದು ಉಡುಪಿ ಕಡೆಗೆ. ಈ ಮಳೆಗಾಲ ಕಳೆಯುವ ಹೊತ್ತಿಗೆ ಮುಂದಿನಿಂದ ‘ಗುಂಯ್’ ಎನ್ನುವ ಸದ್ದು ಶುರುವಾಯಿತು. 40 ಕಿ.ಮೀ. ವೇಗದ ತನಕ ಏನೂ ಇಲ್ಲ. 50 ದಾಟಿದರೆ ಕೇಳುತ್ತದೆ. 70ಕ್ಕೆ ಪಕ್ಕದವರ ಜೊತೆ ಮಾತಾಡಲು ದನಿ ಎತ್ತಬೇಕು. ಇದರ ಜೊತೆ ಗುಂಡಿ ಬಿದ್ದ ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗ ‘ಕಟ್ ಕಟ್’ ಎಂದು ಇನ್ನೊಂದು ಸಣ್ಣ ಸದ್ದು.

ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಬಾನೆಟ್ ಮೇಲೆ ಎರಡು ಸಲ ಕೈಯಿಂದ ಒತ್ತಿ, “ಎರಡೂ ಶಾಕ್ ಅಬ್ಸಾರ್ಬರ್ ಹೋಗಿದೆ ಸಾರ್, ಲೋವರ್ ಆರ್ಮ್ ಕೂಡ ಹಾಕಿಬಿಡೋಣ” ಎಂದರು. ಲೋವರ್ ಆರ್ಮ್ ಎಂದರೆ ಚಕ್ರವನ್ನು ಕೆಳಗಿನಿಂದ ಕಾರಿನ ಮೈಗೆ ಹಿಡಿಯುವ ತೋಳು. ಕಾರನ್ನು ರಸ್ತೆಗೆ ತೆಗೆದುಕೊಂಡು ಹೋಗಿ ಯಾರೂ ಓಡಿಸಿ ನೋಡಲಿಲ್ಲ. ನನಗೆ ಇದು ಒಪ್ಪಿಗೆಯಾಗಲಿಲ್ಲ. ನಯವಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಶಾಕ್ ಅಬ್ಸಾರ್ಬರಿಗೆ ಮಾಡಲು ಕೆಲಸವೇ ಇರುವುದಿಲ್ಲ. ಹಾಗಿದ್ದಾಗ ಅದು ಗುಂಯ್ ಎನ್ನುವುದಾದರೂ ಹೇಗೆ?

ಚಕ್ರದ ಕಡೆಯ ಸದ್ದು ಹುಡುಕುವಾಗ ‘ಎಲ್ಲಿಂದ ಬರ್ತಿದೆ’ ಎನ್ನುವುದು ಎರಡನೇ ಪ್ರಶ್ನೆ. ಮೊದಲ ಪ್ರಶ್ನೆ ‘ಯಾವಾಗ ಬದಲಾಗ್ತಿದೆ’ ಎನ್ನುವುದು. ಕಾರಿನ ಮೈ ಪೂರ್ತಿ ತಗಡು. ಒಂದು ಕಡೆ ಹುಟ್ಟಿದ ಸದ್ದು ಇನ್ನೊಂದು ಕಡೆ ಕೇಳುತ್ತದೆ. ಕಿವಿ ದಿಕ್ಕು ತಪ್ಪಬಹುದು. ಆದರೆ ವೇಗ, ತಿರುವು, ಬ್ರೇಕು, ಗೇರು, ರಸ್ತೆ ಇವುಗಳಲ್ಲಿ ಯಾವುದನ್ನು ಬದಲಿಸಿದಾಗ ಸದ್ದು ಬದಲಾಗುತ್ತದೆ ಎನ್ನುವುದು ಹಾಗೆ ತಪ್ಪುವುದು ಕಡಿಮೆ. ಹಾಗಾಗಿ ಸ್ಪ್ಯಾನರ್ ಮುಟ್ಟುವ ಮುಂಚೆ ಓಡಿಸಿ ಕೇಳುವ ಕೆಲಸ.

ಓಡಿಸುತ್ತ ಕೇಳಿದ್ದು

ಅಕ್ಕನ ಮಗನನ್ನು ಸ್ಟೇರಿಂಗಿಗೆ ಕೂರಿಸಿದೆ. ನಾನು ಒಮ್ಮೆ ಪಕ್ಕದ ಸೀಟಲ್ಲಿ, ಒಮ್ಮೆ ಹಿಂದೆ ಕೂತೆ. ತಾನೇ ಓಡಿಸುತ್ತ ಸದ್ದು ಹುಡುಕುವುದು ಕಷ್ಟ. ಅಪಾಯವೂ ಹೌದು. ಬೆಳಿಗ್ಗೆ ವಾಹನ ಕಡಿಮೆ ಇರುವ ಹೊತ್ತು ನೋಡಿ ಮಂಡಗದ್ದೆ ದಾಟಿ ಗಾಜನೂರಿನ ಕಡೆ ಹೋದೆವು. ಕಿಟಕಿ ಮುಚ್ಚಿ, ಫ್ಯಾನ್ ಆಫ್ ಮಾಡಿ.

ಮೊದಲು ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಬೇರೆ ಮಾಡಿದೆವು. 60ರಲ್ಲಿ ಹೋಗುವಾಗ ನ್ಯೂಟ್ರಲ್‌ಗೆ ಹಾಕಿ ಹಾಗೇ ಉರುಳಲು ಬಿಟ್ಟೆವು. ಎಂಜಿನ್ ಸದ್ದು ಇಳಿಯಿತು, ಗುಂಯ್ ಹಾಗೇ ಇತ್ತು. ಇದನ್ನು ಮಾಡುವಾಗ ಎಂಜಿನ್ ಮಾತ್ರ ಯಾವತ್ತೂ ಆಫ್ ಮಾಡಬಾರದು. ಬ್ರೇಕಿನ ಬೂಸ್ಟರ್, ಪವರ್ ಸ್ಟೇರಿಂಗ್ ಎರಡೂ ಕೈಕೊಡುತ್ತವೆ. ಕೀ ಪೂರ್ತಿ ತಿರುಗಿದರೆ ಸ್ಟೇರಿಂಗ್ ಲಾಕ್ ಕೂಡ ಆಗಬಹುದು.

ಆಮೇಲೆ ಬ್ರೇಕ್. ಸದ್ದು ಬರುವಾಗ ಪೆಡಲನ್ನು ಸ್ವಲ್ಪವೇ ಒತ್ತಿ ಹಿಡಿದರೆ, ಪ್ಯಾಡ್ ಅಥವಾ ಅದನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನ ಸದ್ದಾಗಿದ್ದರೆ ಬದಲಾಗಬೇಕು. ಬದಲಾಗಲಿಲ್ಲ. ನಮ್ಮ ಜಲ್ಲಿ ರಸ್ತೆಗಳಲ್ಲಿ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಸಣ್ಣ ಕಲ್ಲು ಸಿಕ್ಕಿಕೊಳ್ಳುವುದು ಬಹಳ ಸಾಮಾನ್ಯ. ಅದು ‘ಕಿರ್ರ್’ ಎಂದು ಎದೆ ನಡುಗಿಸುವಂತೆ ಕೂಗುತ್ತದೆ. ಆದರೆ ನಿಧಾನ ಹೋದಾಗಲೂ ಕೂಗುತ್ತದೆ, ಎಷ್ಟೋ ಸಲ ಸ್ವಲ್ಪ ರಿವರ್ಸ್ ಹೋದರೆ ಕಲ್ಲು ಉದುರಿ ನಿಂತೇಬಿಡುತ್ತದೆ. ನಮ್ಮದು ಆ ಜಾತಿಯ ಸದ್ದಲ್ಲ.

ಸಿವಿ ಜಾಯಿಂಟ್ (ಎಂಜಿನ್ನಿನ ತಿರುಗಾಟವನ್ನು ಚಕ್ರಕ್ಕೆ ಒಯ್ಯುವ ಆಕ್ಸಲಿನ ಬಾಗುವ ಕೀಲು) ನೋಡಲು ಖಾಲಿ ಮೈದಾನದಲ್ಲಿ ಸ್ಟೇರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ ಸುತ್ತು ಹೊಡೆದೆವು. ಹೊರಗಿನ ಜಾಯಿಂಟ್ ಸವೆದಿದ್ದರೆ ‘ಟಕ್ ಟಕ್ ಟಕ್’ ಎನ್ನುತ್ತದೆ. ಎರಡೂ ಕಡೆಗೆ ಮೌನ. ಜಾಯಿಂಟ್ ಮುಚ್ಚುವ ಬೂಟ್ ರಬ್ಬರ್ ಹರಿದಿರಲಿಲ್ಲ, ಗ್ರೀಸ್ ಚಿಮ್ಮಿದ ಗುರುತೂ ಇರಲಿಲ್ಲ.

ಇಲ್ಲಿ ಒಂದು ಸಣ್ಣ ಲೆಕ್ಕ ಉಪಯೋಗಕ್ಕೆ ಬರುತ್ತದೆ. ನಮ್ಮ ಟೈರ್ 165/80 ಆರ್14. ಅಂದರೆ ವ್ಯಾಸ ಸುಮಾರು 62 ಸೆಂ.ಮೀ., ಸುತ್ತಳತೆ ಸುಮಾರು 1.95 ಮೀಟರ್. ಗಂಟೆಗೆ 20 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು ಮೂರು ಸುತ್ತು ಸುತ್ತುತ್ತದೆ, 60ರಲ್ಲಿ ಎಂಟೂವರೆ. ಟೈರಿನಲ್ಲಿ ಮೊಳೆ ಕೂತಿದ್ದರೆ, ಒಂದು ಜಾಗದಲ್ಲಿ ಏನಾದರೂ ತಾಗುತ್ತಿದ್ದರೆ ಒಂದು ಸುತ್ತಿಗೆ ಒಂದೇ ಸದ್ದು. ನಿಧಾನ ಹೋದರೆ ಬೆರಳಲ್ಲಿ ಎಣಿಸಬಹುದು. ಬೇರಿಂಗ್ (ಚಕ್ರ ಸಲೀಸಾಗಿ ತಿರುಗಲು ಎರಡು ರಿಂಗುಗಳ ನಡುವೆ ಉಕ್ಕಿನ ಗುಂಡುಗಳಿರುವ ಭಾಗ) ಹಾಗಲ್ಲ. ಹೊರಗಿನ ರಿಂಗಿನಲ್ಲಿ ಒಂದು ಕಡೆ ಕಿತ್ತುಬಂದರೂ ಅದರ ಮೇಲೆ ಗುಂಡುಗಳು ಒಂದಾದ ಮೇಲೆ ಒಂದು ಹಾಯುತ್ತವೆ. ಒಂದು ಸಾಲಿನಲ್ಲಿ 13 ಗುಂಡು ಇದ್ದರೆ, ಚಕ್ರದ ಒಂದು ಸುತ್ತಿಗೆ ಐದಾರು ಪೆಟ್ಟು. 60 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 45ರ ಆಸುಪಾಸು. ಅಷ್ಟು ಪೆಟ್ಟನ್ನು ಕಿವಿ ಬಿಡಿಬಿಡಿಯಾಗಿ ಹಿಡಿಯಲಾರದು, ಎಲ್ಲ ಸೇರಿ ಗುಂಯ್ ಆಗುತ್ತದೆ. ಹಾಗಾಗಿ ಎಣಿಸಲು ಬರುವ ಸದ್ದು, ಎಣಿಸಲು ಬಾರದ ಸದ್ದು ಎಂದು ಮೊದಲೇ ಬೇರೆ ಮಾಡಿಕೊಂಡರೆ ಹುಡುಕಾಟ ಅರ್ಧ ಕಡಿಮೆ.

ಎಣಿಸಲು ಬಾರದ ಸದ್ದಿಗೆ ಉಳಿದ ಅನುಮಾನ ಎರಡೇ: ಟೈರ್ ಅಥವಾ ಬೇರಿಂಗ್. ಇವೆರಡನ್ನು ಕಿವಿಯಿಂದ ಬೇರೆ ಮಾಡುವುದು ಕಷ್ಟ, ಅನುಭವಿ ಮೆಕ್ಯಾನಿಕ್‌ಗಳಿಗೂ. ಟೈರಿನ ಮೇಲೆ ಅಂಗೈಯನ್ನು ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಎಳೆದು ನೋಡಿದೆ. ಎಡಗಡೆಯ ಟೈರಿನಲ್ಲಿ ಒಂದು ದಿಕ್ಕಿಗೆ ನಯ, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನ ಹಾಗೆ ಸ್ವಲ್ಪ ತರಿ ಸಿಕ್ಕಿತು. ಇದು ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಸರಿಯಿಲ್ಲದ ಗುರುತು, ಇಂಥ ಟೈರ್ ಕೂಡ ಗುಂಯ್ ಎನ್ನಬಲ್ಲದು. ಹೊಸ ಟೈರ್ ತರುವ ಮುಂಚೆ ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ ಇದೆ. ಮುಂದಿನ ಎರಡು ಚಕ್ರ ಹಿಂದಕ್ಕೆ, ಹಿಂದಿನ ಎರಡು ಮುಂದಕ್ಕೆ. ಟೈರಿನ ಸದ್ದಾದರೆ ಟೈರಿನ ಜೊತೆ ಹಿಂದಕ್ಕೆ ಹೋಗಬೇಕು. ಹೋಗಲಿಲ್ಲ. ಡಾಂಬರಿನಿಂದ ಊರೊಳಗಿನ ಕಾಂಕ್ರೀಟ್ ರಸ್ತೆಗೆ ಹತ್ತಿದಾಗಲೂ ಸದ್ದಿನ ಸ್ವರ ಹಾಗೇ ಇತ್ತು. ಟೈರಿನ ಸದ್ದು ರಸ್ತೆಯ ಮೈ ಬದಲಾದರೆ ತಾನೂ ಬದಲಾಗುತ್ತದೆ, ಬೇರಿಂಗಿಗೆ ರಸ್ತೆಯ ಮೈ ಲೆಕ್ಕಕ್ಕಿಲ್ಲ.

ಎಡವೋ ಬಲವೋ

“ಮಾವ, ನಂಗೆ ಎಡಗಡೆಯಿಂದ ಬರ್ತಿದೆ ಅನ್ಸುತ್ತೆ” ಎಂದ ಹುಡುಗ. ನನಗೂ ಹಾಗೇ ಅನ್ನಿಸಿತ್ತು. ಆದರೆ ಬೇರಿಂಗ್ ವಿಷಯದಲ್ಲಿ ಕಿವಿಗಿಂತ ತಿರುವನ್ನು ನಂಬಬೇಕು. ಕಾರು ಎಡಕ್ಕೆ ತಿರುಗುವಾಗ ಭಾರ ಬಲಕ್ಕೆ ವಾಲುತ್ತದೆ, ಬಲ ಚಕ್ರದ ಬೇರಿಂಗ್ ಮೇಲೆ ಹೊರೆ ಏರುತ್ತದೆ. ಬಲಕ್ಕೆ ತಿರುಗಿದರೆ ಎಡದ್ದರ ಮೇಲೆ. ಹಾಳಾದ ಬೇರಿಂಗ್ ಹೊರೆ ಬಿದ್ದಾಗ ಜಾಸ್ತಿ ಕೂಗುತ್ತದೆ, ಹೊರೆ ಇಳಿದಾಗ ಸುಮ್ಮನಾಗುತ್ತದೆ.

ಇದಕ್ಕೆ ಘಾಟಿ ರಸ್ತೆ ಸರಿ ಎಂದು ಹಲವರು ಅಂದುಕೊಳ್ಳುತ್ತಾರೆ. ಅದು ಸರಿಯಲ್ಲ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ವೇಗ ಹದಿನೈದು ಇಪ್ಪತ್ತು ದಾಟುವುದಿಲ್ಲ. ಆ ವೇಗದಲ್ಲಿ ನಮ್ಮ ಸದ್ದು ಹುಟ್ಟುವುದೇ ಇಲ್ಲ. ಬೇಕಾದದ್ದು ಅಗಲವಾದ, ಮುಂದೆ ಹಿಂದೆ ಪೂರ್ತಿ ಖಾಲಿ ಇರುವ ರಸ್ತೆ, 55ರ ವೇಗ, ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತೂಗುವುದು. ಎಡಕ್ಕೆ ಎಳೆದಾಗ ಗುಂಯ್ ಎದ್ದು ನಿಂತಿತು, ಬಲಕ್ಕೆ ಎಳೆದಾಗ ಬಹುತೇಕ ಅಡಗಿತು. ಮತ್ತೆ ಮಾಡಿದರೂ ಅದೇ. ಅಂದರೆ ಬಲ ಚಕ್ರ. ಎಡಗಡೆ ಕೇಳಿಸಿದ್ದು ತಗಡಿನಲ್ಲಿ ಹರಿದು ಬಂದ ಸದ್ದು.

ಮನೆಗೆ ಬಂದು ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಬಲ ಮುಂಭಾಗವನ್ನು ಜಾಕ್ ಏರಿಸಿ ಕೆಳಗೆ ಸ್ಟ್ಯಾಂಡ್ ಇಟ್ಟೆ. ಜಾಕ್ ಒಂದನ್ನೇ ನಂಬಿ ಚಕ್ರದ ಹತ್ತಿರ ಕೈ ಹಾಕುವುದು ಬೇಡವೇ ಬೇಡ. ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆ. ಆಟ (ಸಡಿಲ ಅಲ್ಲಾಟ) ಇಲ್ಲ. ಎಡ ಬಲ ಹಿಡಿದು ಅಲ್ಲಾಡಿಸಿದೆ. ಆಟ ಇಲ್ಲ, ಅಂದರೆ ಸ್ಟೇರಿಂಗಿನಿಂದ ಚಕ್ರಕ್ಕೆ ಬರುವ ಟೈ ರಾಡ್ ಕೂಡ ಸರಿ ಇದೆ. ಇಷ್ಟಕ್ಕೇ ‘ಬೇರಿಂಗ್ ಚೆನ್ನಾಗಿದೆ’ ಎಂದು ಬಿಡುವವರು ಬಹಳ. ಆದರೆ ಸೀಲ್ ಇರುವ ಈಗಿನ ಬೇರಿಂಗ್‌ಗಳು ಆಟ ಬರುವುದಕ್ಕಿಂತ ಎಷ್ಟೋ ಮೊದಲೇ ಸದ್ದು ಮಾಡಲು ಶುರು ಮಾಡುತ್ತವೆ.

ಹಾಗಾಗಿ ಇನ್ನೊಂದು ಪರೀಕ್ಷೆ. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತ ಇನ್ನೊಂದು ಕೈಯ ಬೆರಳನ್ನು ಕಾಯಿಲ್ ಸ್ಪ್ರಿಂಗ್ ಮೇಲೆ ಇಡಬೇಕು. ಬೇರಿಂಗಿನ ಸಣ್ಣ ನಡುಕವನ್ನೂ ಸ್ಪ್ರಿಂಗ್ ಬೆರಳಿಗೆ ಮುಟ್ಟಿಸುತ್ತದೆ. ಕಿವಿಗೆ ಏನೂ ಕೇಳಲಿಲ್ಲ, ಬೆರಳಿಗೆ ಮಾತ್ರ ಬೀಸುವ ಕಲ್ಲು ತಿರುಗಿಸುವಾಗ ಸಿಗುವಂಥ ಗರಗರ ಸಿಕ್ಕಿತು. ಎಡಗಡೆ ಏರಿಸಿ ಅದೇ ಮಾಡಿದೆ. ಪೂರ್ತಿ ನಯ. ತಿರುವಿನ ಪರೀಕ್ಷೆ, ಬೆರಳಿನ ಪರೀಕ್ಷೆ ಎರಡೂ ಒಂದೇ ಮಾತು ಹೇಳಿದ ಮೇಲೆ ಅನುಮಾನ ಉಳಿಯಲಿಲ್ಲ.

ಚಕ್ರ ಮೇಲಿಟ್ಟು ಎಂಜಿನ್‌ನಿಂದಲೇ ತಿರುಗಿಸಿ ಕೇಳುವವರೂ ಇದ್ದಾರೆ. ಮನೆಯಂಗಳದಲ್ಲಿ ಅದನ್ನು ಮಾಡಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒಂದೇ ಚಕ್ರ ಎತ್ತಿದಾಗ ಡಿಫರೆನ್ಶಿಯಲ್ (ಎರಡು ಚಕ್ರಗಳಿಗೆ ತಿರುಗಾಟ ಹಂಚುವ ಗೇರು) ಪೂರ್ತಿ ತಿರುಗಾಟವನ್ನು ಆ ಚಕ್ರಕ್ಕೇ ಕೊಡುತ್ತದೆ. ಮೀಟರ್ 40 ತೋರಿಸಿದರೆ ಚಕ್ರ 80ರಲ್ಲಿ ಸುತ್ತುತ್ತಿರುತ್ತದೆ.

ಬಿಚ್ಚಿದ್ದು

ಹಬ್ ನಟ್ (ಚಕ್ರ ಕೂರುವ ಹಬ್ಬಿಗೆ ಆಕ್ಸಲನ್ನು ಬಿಗಿಯುವ ನಡುವಿನ ದೊಡ್ಡ ನಟ್) ಮೊದಲು, ಅದೂ ಚಕ್ರ ನೆಲದ ಮೇಲಿರುವಾಗಲೇ. ನಡುವಿನ ಕ್ಯಾಪ್ ತೆಗೆದು, ನಟ್ಟಿನ ಅಂಚನ್ನು ಆಕ್ಸಲಿನ ತೋಡಿಗೆ ಬಡಿದು ಕೂರಿಸಿದ ಜಾಗವನ್ನು ಪಂಚಿನಿಂದ ಎತ್ತಿ, 30 ಎಂ.ಎಂ. ಸಾಕೆಟ್‌ಗೆ ಉದ್ದ ಪೈಪ್ ಹಾಕಿ ಸಡಿಲ ಮಾಡಿದೆ. ಸ್ವಲ್ಪವೇ ಸಡಿಲ. ನಟ್ ಬಿಗಿ ಇಲ್ಲದೆ ಕಾರಿನ ಭಾರ ಬೇರಿಂಗ್ ಮೇಲೆ ಬೀಳಬಾರದು, ಅದಕ್ಕೇ ಕೂಡಲೇ ಜಾಕ್ ಏರಿಸಬೇಕು.

ಕ್ಯಾಲಿಪರ್ ಬಿಚ್ಚಿ ತಂತಿಯಿಂದ ಸ್ಪ್ರಿಂಗಿಗೆ ನೇತು ಹಾಕಿದೆ. ಬ್ರೇಕ್ ಹೋಸಿನ ಮೇಲೆ ಅದರ ಭಾರ ಬಿಡಬಾರದು. ಡಿಸ್ಕ್ ತುಕ್ಕಿಗೆ ಅಂಟಿತ್ತು. ಅದರಲ್ಲಿ ಎರಡು ಮರೆ (ಥ್ರೆಡ್) ಇರುವ ತೂತು ಇರುತ್ತವೆ, 8 ಎಂ.ಎಂ. ಬೋಲ್ಟ್ ಎರಡನ್ನೂ ಸಮನಾಗಿ ತಿರುಗಿಸುತ್ತ ಹೋದರೆ ಡಿಸ್ಕ್ ತಾನೇ ಹೊರಗೆ ಬರುತ್ತದೆ. ಸುತ್ತಿಗೆಯ ಅಗತ್ಯವೇ ಇಲ್ಲ. ಅತಿ ನಾಜೂಕು ಎಬಿಎಸ್ ಸೆನ್ಸರ್. ನಮ್ಮ ಕಡೆಯ ಮಳೆಗೆ ಅದು ನಕಲ್ (ಬೇರಿಂಗ್ ಕೂರುವ, ಸ್ಟೇರಿಂಗ್ ಜೊತೆ ತಿರುಗುವ ಲೋಹದ ತುಂಡು) ಒಳಗೆ ತುಕ್ಕಿನಲ್ಲಿ ಕೂತಿರುತ್ತದೆ. ವೈರ್ ಹಿಡಿದು ಎಳೆದರೆ ಮುರಿಯಿತು ಎಂದೇ ಲೆಕ್ಕ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿ ಬಿಟ್ಟು, ಬೆಳಿಗ್ಗೆ ಆಚೀಚೆ ತಿರುಗಿಸುತ್ತ ತಿರುಗಿಸುತ್ತ ಹೊರತೆಗೆದೆ.

ಟೈ ರಾಡ್ ಎಂಡಿನ ಪಿನ್ ತೆಗೆದು, ಅದು ಕೂರುವ ನಕಲ್ ಕಿವಿಯ ಪಕ್ಕಕ್ಕೆ ಒಂದು ಗಟ್ಟಿ ಪೆಟ್ಟು ಕೊಟ್ಟಾಗ ಕಳಚಿತು. ಮರೆಯ ಮೇಲೆ ಹೊಡೆಯಬಾರದು. ನಕಲನ್ನು ಲೋವರ್ ಆರ್ಮಿಗೆ ಸೇರಿಸುವ ಬಾಲ್ ಜಾಯಿಂಟಿನ ಬೋಲ್ಟ್ ತೆಗೆದು ಸೀಳಿನಲ್ಲಿ ಉಳಿ ಇಟ್ಟು ಸ್ವಲ್ಪ ಅಗಲಿಸಿದೆ. ಸ್ಟ್ರಟ್‌ಗೆ ನಕಲ್ ಹಿಡಿಯುವ ಎರಡು ಬೋಲ್ಟ್ ಬಿಚ್ಚುವ ಮುಂಚೆ ಎರಡೂ ಕಡೆ ಬಿಳಿ ಪೇಂಟಿನಲ್ಲಿ ಗೆರೆ ಎಳೆದುಕೊಂಡೆ. ಆಕ್ಸಲನ್ನು ಹೊರಗೆ ಎಳೆಯಬಾರದು, ಹಬ್ಬಿನಿಂದ ಒಳಕ್ಕೆ ತಳ್ಳಿ ತಂತಿಯಲ್ಲಿ ಕಟ್ಟಿಡಬೇಕು. ಎಳೆದರೆ ಒಳಗಿನ ಜಾಯಿಂಟ್ ಕಳಚಬಹುದು.

ನಕಲ್ ಹಿಡಿದುಕೊಂಡು ಲೇತ್ ಅಂಗಡಿಗೆ ಹೋದೆ. ಈ ಕೆಲಸಕ್ಕೆ ಹೈಡ್ರಾಲಿಕ್ ಪ್ರೆಸ್ ಬೇಕೇ ಬೇಕು. ಸುತ್ತಿಗೆಯಲ್ಲಿ ಬಡಿದು ಹಾಕಿದ ಬೇರಿಂಗ್ ಹೊಸದಾಗಿದ್ದರೂ ಅವತ್ತೇ ಪೆಟ್ಟು ತಿಂದಿರುತ್ತದೆ. ಹಬ್ ಹೊರಬರುವಾಗ ಒಳರಿಂಗಿನ ಅರ್ಧ ಅದರಲ್ಲೇ ಉಳಿಯಿತು. ಅಂಗಡಿಯವರು ಗ್ರೈಂಡರಿನಲ್ಲಿ ರಿಂಗಿಗೆ ಮಾತ್ರ ಗಾಯ ಮಾಡಿ, ಹಬ್ಬಿಗೆ ತಾಗದ ಹಾಗೆ ಉಳಿಯಿಂದ ಒಡೆದು ತೆಗೆದರು. ನೋಡಲು ಖುಷಿಯಾಗುವಂಥ ಕೈಕೆಲಸ.

ಹೊಸ ಬೇರಿಂಗ್ ಕೂರಿಸುವಾಗ ಅವರು ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ: “ನಕಲ್ ಒಳಗೆ ಹಾಕ್ವಾಗ ಹೊರಗಿನ ರಿಂಗ್ ಮೇಲೆ ಒತ್ಬೇಕು ಮಾರಾಯ್ರೆ. ಹಬ್ ಹಾಕ್ವಾಗ ಒಳಗಿನ ರಿಂಗಿಗೆ ಅಡಿಯಿಂದ ಆಸರೆ ಕೊಡ್ಬೇಕು. ಗುಂಡಿನ ಮೂಲಕ ಒತ್ತಡ ಹೋಯ್ತೋ, ಬೇರಿಂಗ್ ಸತ್ತಂತೆ.” ತಪ್ಪು ರಿಂಗ್ ಮೇಲೆ ಒತ್ತಿದರೆ ಗುಂಡುಗಳು ರಿಂಗಿನ ದಾರಿಯಲ್ಲಿ ಸಣ್ಣ ಗುಣಿ ಮಾಡುತ್ತವೆ. ಹೊಸ ಬೇರಿಂಗ್ ಹಾಕಿಸಿದ ಸ್ವಲ್ಪ ದಿನಕ್ಕೇ ಮತ್ತೆ ಸದ್ದು ಬಂತು ಎನ್ನುವವರ ಕಥೆಯಲ್ಲಿ ಎಷ್ಟೋ ಸಲ ಇದೇ ಕಾರಣ.

ಎಬಿಎಸ್ ಇರುವ ಕಾರುಗಳಲ್ಲಿ ಇನ್ನೊಂದು ಎಚ್ಚರ. ನಮ್ಮಂಥ ಹಲವು ಕಾರುಗಳಲ್ಲಿ ಬೇರಿಂಗಿನ ಒಂದು ಕಡೆಯ ಸೀಲಿನಲ್ಲೇ ಅಯಸ್ಕಾಂತದ ಪಟ್ಟಿ ಇರುತ್ತದೆ. ಆ ಮುಖ ಸೆನ್ಸರ್ ಕಡೆಗೆ, ಅಂದರೆ ಒಳಗಡೆಗೆ ಬರಬೇಕು. ತಿರುವುಮುರುವಾದರೆ ಡ್ಯಾಶ್‌ಬೋರ್ಡಿನ ಎಬಿಎಸ್ ದೀಪ ಆರುವುದಿಲ್ಲ, ಬೇರಿಂಗ್ ಮತ್ತೆ ಕಿತ್ತರೆ ಅದು ಹಾಳು. ನೋಡಲು ಎರಡೂ ಮುಖ ಒಂದೇ ಥರ ಕಾಣಬಹುದು. ಸ್ಟೇಪ್ಲರ್ ಪಿನ್ ಒಂದನ್ನು ಹತ್ತಿರ ಹಿಡಿದರೆ ಯಾವ ಮುಖ ಎಳೆಯುತ್ತದೆ ಎಂದು ಗೊತ್ತಾಗುತ್ತದೆ. ಆ ಪಟ್ಟಿಯ ಹತ್ತಿರ ಬೇರೆ ಅಯಸ್ಕಾಂತ ತರಬಾರದು.

ಜೋಡಿಸುವುದು ಬಿಚ್ಚಿದ್ದರ ಉಲ್ಟಾ, ಅದನ್ನು ಉದ್ದ ಬರೆಯುವುದಿಲ್ಲ. ಹಬ್ ನಟ್ ಮಾತ್ರ ಹೊಸದೇ ಬೇಕು. ಚಕ್ರ ಮೇಲೆ ಇರುವಾಗಲೇ ಹುಡುಗ ಬ್ರೇಕ್ ಒತ್ತಿ ಹಿಡಿದ, ನಾನು ಟಾರ್ಕ್ ವ್ರೆಂಚಿನಲ್ಲಿ ಮ್ಯಾನ್ಯುಯಲ್ ಹೇಳಿದಷ್ಟು ಬಿಗಿ ಮಾಡಿದೆ. ಸಣ್ಣ ಕಾರುಗಳಲ್ಲೂ ಇದು ಸಾಮಾನ್ಯವಾಗಿ 200 ನ್ಯೂಟನ್ ಮೀಟರ್ ಆಚೀಚೆ ಇರುತ್ತದೆ. ಅಂದಾಜಿನಲ್ಲಿ ಬಿಗಿಯುವ ನಟ್ ಇದಲ್ಲ. ಕಡಿಮೆಯಾದರೂ ಜಾಸ್ತಿಯಾದರೂ ಬೇರಿಂಗಿನ ಆಯಸ್ಸು ಕಡಿಮೆ. ಕಾರು ಇಳಿಸಿದ ಮೇಲೆ, ಹೊರಡುವ ಮುಂಚೆ ಬ್ರೇಕ್ ಪೆಡಲ್ ಗಟ್ಟಿಯಾಗುವ ತನಕ ಒತ್ತಬೇಕು.

ಹಳೇ ಬೇರಿಂಗನ್ನು ಒಡೆದು ನೋಡಿದೆ. ಹೊರಗಡೆಯ ಸೀಲಿನ ಅಂಚು ಎದ್ದಿತ್ತು. ಒಳಗಿನ ಗ್ರೀಸ್ ಕಂದು ಬಣ್ಣಕ್ಕೆ ತಿರುಗಿ ನೀರು ನೀರಾಗಿತ್ತು. ಗುಂಡು ಓಡುವ ದಾರಿಯಲ್ಲಿ ಒಂದು ಕಡೆ ಉಕ್ಕಿನ ಸಿಪ್ಪೆ ಎದ್ದು ಗುಣಿ ಬಿದ್ದಿತ್ತು. ರಸ್ತೆ ಮೇಲೆ ಹರಿಯುವ ನೀರಿನಲ್ಲಿ ಮಳೆಗಾಲ ಪೂರ್ತಿ ಓಡಾಡುವ ಕಾರಿಗೆ ಇದು ಬರುವ ಕಾಯಿಲೆಯೇ.

ಕಟ್ ಕಟ್ ಉಳಿಯಿತು

ಗುಂಯ್ ಪೂರ್ತಿ ಹೋಯಿತು. 80ರಲ್ಲೂ ಟೈರಿನ ಸರಸರ ಮಾತ್ರ. ಈಗ ‘ಕಟ್ ಕಟ್’ ಸ್ಪಷ್ಟವಾಗಿ ಕೇಳತೊಡಗಿತು.

ಇಲ್ಲೂ ಅದೇ ಪ್ರಶ್ನೆ, ಯಾವಾಗ? ಒಂದೇ ಚಕ್ರ ಗುಂಡಿಗೆ ಇಳಿದಾಗ ಬರುತ್ತದೆ. ಎರಡೂ ಚಕ್ರ ಒಟ್ಟಿಗೆ ಹಂಪ್ ಹತ್ತಿದಾಗ ಬರುವುದಿಲ್ಲ. ಇದು ದೊಡ್ಡ ಸುಳಿವು. ತಿರುವಿನಲ್ಲಿ ಕಾರು ವಾಲದಂತೆ ಎಡ ಬಲ ಚಕ್ರಗಳನ್ನು ಜೋಡಿಸುವ ಸ್ಟೆಬಿಲೈಸರ್ ಬಾರ್‌ಗೆ ಕೆಲಸ ಬರುವುದು ಎರಡು ಚಕ್ರ ಬೇರೆ ಬೇರೆ ಎತ್ತರಕ್ಕೆ ಹೋದಾಗ ಮಾತ್ರ. ಎರಡೂ ಒಟ್ಟಿಗೆ ಏರಿದರೆ ಬಾರ್ ಸುಮ್ಮನೆ ತಿರುಗುತ್ತದೆ, ಅದನ್ನು ಚಕ್ರದ ಕಡೆಗೆ ಸೇರಿಸುವ ಲಿಂಕ್ ರಾಡಿಗೆ ಎಳೆತ ಇಲ್ಲ. ಸ್ಟ್ರಟ್ ಮೌಂಟ್ (ಸ್ಟ್ರಟ್ಟಿನ ಮೇಲ್ತುದಿ ಕಾರಿನ ಮೈಗೆ ಕೂರುವ ಭಾಗ) ಹೋಗಿದ್ದರೆ ಹಂಪಿನಲ್ಲೂ ಡಬ್ ಎನ್ನಬೇಕಿತ್ತು, ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದರೂ ಸದ್ದು ಬರಬೇಕಿತ್ತು. ಲೋವರ್ ಆರ್ಮಿನ ಬುಷ್ (ಕೀಲಿನ ರಬ್ಬರ್) ಆದರೆ ಬ್ರೇಕ್ ಹಿಡಿದಾಗ, ಹೊರಡುವಾಗ ಒಂದು ಪೆಟ್ಟು. ಎರಡೂ ಇರಲಿಲ್ಲ.

ಜಾಕ್ ಹಾಕಿ ಒಂದು ಚಕ್ರ ನೇತಾಡುವಾಗ ಲಿಂಕ್ ರಾಡ್ ಅಲ್ಲಾಡಿಸಿದರೆ ಗಟ್ಟಿಯಾಗೇ ಇರುತ್ತದೆ. ಬಾರ್ ತಿರುಚಿಕೊಂಡು ಅದನ್ನು ಎಳೆದು ಹಿಡಿದಿರುತ್ತದೆ, ಆಟ ಮುಚ್ಚಿಹೋಗುತ್ತದೆ. ಎರಡೂ ಚಕ್ರ ನೆಲದ ಮೇಲಿರುವಾಗ ಕೈ ತೂರಿಸಿ ಅಲ್ಲಾಡಿಸಬೇಕು. ಎಡಗಡೆಯದು ಕೈಯಲ್ಲೇ ಕಟ್ ಎಂದಿತು. ಖಚಿತಕ್ಕೆ ಎರಡೂ ಲಿಂಕ್ ರಾಡ್ ಬಿಚ್ಚಿಟ್ಟು ಅದೇ ಗುಂಡಿ ರಸ್ತೆಯಲ್ಲಿ ನಿಧಾನವಾಗಿ ಒಂದು ಸುತ್ತು ಹೋದೆ. ಸದ್ದು ಇಲ್ಲ. ಹೀಗೆ ಹೋಗುವಾಗ ಕಾರು ತಿರುವಿನಲ್ಲಿ ಜಾಸ್ತಿ ವಾಲುತ್ತದೆ, ವೇಗ ಬೇಡ. ಎರಡೂ ಕಡೆ ಹೊಸದು ಹಾಕಿದೆ. ನಟ್ ಜೊತೆ ಸ್ಟಡ್ ಕೂಡ ತಿರುಗುತ್ತದೆ, ಅದರ ತುದಿಗೆ ಅಲೆನ್ ಕೀ ಕೊಟ್ಟು ಹಿಡಿದುಕೊಂಡು ನಟ್ ತಿರುಗಿಸಬೇಕು.

ಗೆರೆ ನೋಡಿ ಕೂರಿಸಿದ್ದರೂ ಸ್ಟ್ರಟ್ ಬೋಲ್ಟ್ ಬಿಚ್ಚಿದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು. ಟೋ ನಿಜವಾಗಿಯೂ ಅಳತೆ ತಪ್ಪಿತ್ತು. ಎಡ ಟೈರಿನ ಆ ಗರಗಸದ ತರಿಗೆ ಕಾರಣ ಅದೇ ಇರಬೇಕು. ಬೇರಿಂಗ್, ಹಬ್ ನಟ್, ಲಿಂಕ್ ರಾಡ್, ಲೇತ್ ಕೂಲಿ, ಅಲೈನ್‌ಮೆಂಟ್ ಎಲ್ಲ ಸೇರಿದರೂ ಖರ್ಚು ಆ ಗ್ಯಾರೇಜಿನವರು ಶಾಕ್ ಅಬ್ಸಾರ್ಬರ್ ಕೆಲಸಕ್ಕೆ ಕೊಟ್ಟ ಅಂದಾಜಿನ ಹತ್ತಿರಕ್ಕೂ ಬರಲಿಲ್ಲ. ಶಾಕ್ ಅಬ್ಸಾರ್ಬರ್ ಎರಡೂ ಎಣ್ಣೆ ಸೋರದೆ ಚೆನ್ನಾಗಿಯೇ ಇವೆ.

ಎಡ ಚಕ್ರದ ಬೇರಿಂಗ್ ಬದಲಿಸಿಲ್ಲ. ಜೋಡಿಯಾಗಿ ಬದಲಿಸಿ ಎನ್ನುವ ಸಲಹೆ ಶಾಕ್ ಅಬ್ಸಾರ್ಬರಿಗೆ ಸರಿ, ಬೇರಿಂಗಿಗೆ ಅಗತ್ಯವಿಲ್ಲ. ಸ್ಪ್ರಿಂಗ್ ಮೇಲೆ ಬೆರಳಿಟ್ಟಾಗ ಅದು ನಯವಾಗಿದೆ. ಮುಂದಿನ ಮಳೆಗಾಲ ಮುಗಿದ ಮೇಲೆ ಮತ್ತೆ ಜಾಕ್ ಏರಿಸಿ ನೋಡುತ್ತೇನೆ, ಗರಗರ ಸಿಕ್ಕಿದರೆ ಆಗ ಬಿಚ್ಚುತ್ತೇನೆ.